ಸವಾರನ ಆಸನದ ವೃತ್ತಾಂತ

15ನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯಾದ ತ್ವೆರ್ ನಗರದಿಂದ ಹೊರಟು, ಸಮುದ್ರಗಳನ್ನು ದಾಟಿ, ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಬಂದು ಸೇರಿದ ಅಫನಾಸಿ ನಿಕಿತಿನ್ ಎಂಬ ವರ್ತಕನು ತನ್ನೊಡನೆ ತಂದ ಮುಖ್ಯ ಸರಕೆಂದರೆ ಒಂದು ಗಂಡುಕುದುರೆ. ಅದನ್ನು ನಡುದಾರಿಯಲ್ಲಿ ಜುನ್ನರಿನ ಖಾನನು ಕಸಿದುಕೊಂಡುದೂ, ಹೇಗೋ ಅದು ಮರಳಿ ಕೈಸೇರಿದುದೂ, ಕಟ್ಟಕಡೆಗೆ ಬೀದರಿನಲ್ಲಿ ವಿಕ್ರಯವಾದುದೂ ಅವನ ಪ್ರವಾಸಕಥನದಲ್ಲಿ ಉಂಟು. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಬರುತ್ತಿದ್ದುವೆಂದೂ ಅವನು ಬರೆದಿಟ್ಟಿದ್ದಾನೆ. ಈ ಸಂಖ್ಯೆಯಲ್ಲಿ ವರ್ತಕಸಹಜವಾದ ಉತ್ಪ್ರೇಕ್ಷೆ ಎಷ್ಟಾದರೂ ಇರಲಿ, ಅಷ್ಟು ಕುದುರೆಗಳು ಓಡಾಡಿದ ಸೀಮೆಯಲ್ಲಿ ಜೀನು ಹೊಲಿಯುವ ಜೀನಗಾರರಿಗೆ ಕೆಲಸದ ಅಭಾವವಿದ್ದಿರಲಾರದು. ಮೆತ್ತಗೆ ಮಾಡುವುದಷ್ಟೇ ಅವರ ವಿದ್ಯೆಯಾಗಿರಲಿಲ್ಲ. ಸವಾರನ ಭಾರವು ಕುದುರೆಯ ಬೆನ್ನೆಲುಬಿನ ಮೇಲೆ ಒಂದೆಡೆ ಕುಕ್ಕದಂತೆ ಅದರ ಇಕ್ಕೆಲಗಳಿಗೂ ಹಂಚುವುದು ಅದರ ಮರ್ಮವಾಗಿದ್ದಿತು. ಇಂದು ಅದೇ ಬೀದರ್ ಜಿಲ್ಲೆಯ ಭಾಲ್ಕಿಯಲ್ಲಿ ಮೋಟಾರ್ ಸೈಕಲ್ಲಿಗೆ ಬೇರೊಂದು ಸೀಟು ಹಾಕಿಸಲು ಹೊರಡುವವನೂ ತಿಳಿದೋ ತಿಳಿಯದೆಯೋ ಅರಸುತ್ತಿರುವುದು ಇದೇ ಮರ್ಮವನ್ನು.

ಯಂತ್ರದ ಕುದುರೆಗೆ ಆಸನವು ಮೊದಲಿನಿಂದಲೂ ಸುಖಕರವಾಗಿ ಬರಲಿಲ್ಲ. 1885ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೇಬಾಕ್ ಎಂಬವರು ಮರದ ಚೌಕಟ್ಟಿಗೆ ಎಂಜಿನು ಕೂಡಿಸಿ ನಿರ್ಮಿಸಿದ ವಾಹನದಲ್ಲಿ ಉರಿಯುವ ಯಂತ್ರವು ಚರ್ಮದ ಆಸನದ ಕೆಳಗೇ ಇದ್ದುದರಿಂದ, ಪ್ರಥಮ ಪ್ರಯಾಣದಲ್ಲಿಯೇ ಆಸನಕ್ಕೆ ಬೆಂಕಿ ತಗಲಿತೆಂದು ಹೇಳುವುದುಂಟು. ಮುಂದೆ ಸೈಕಲ್ಲಿನ ಬಂಧುತ್ವದಿಂದ ಅದರ ಚರ್ಮದ ಸೀಟೇ ಮೋಟಾರ್ ಸೈಕಲ್ಲಿಗೂ ಬಂದಿತು. ಹಿಂದಿನ ಗಾಲಿಗೆ ಸಸ್ಪೆನ್ಷನ್ ಇಲ್ಲದಿದ್ದ ಆ ಕಾಲದಲ್ಲಿ ರಸ್ತೆಯ ಏಟನ್ನು ಸೀಟಿನ ಕೆಳಗಿನ ಎರಡು ಸ್ಪ್ರಿಂಗುಗಳೇ ನುಂಗಬೇಕಾಗಿದ್ದಿತು. ಬಿಗಿದ ಚರ್ಮವಾದರೋ ದಿನಕಳೆದಂತೆ ಸಡಿಲಿ, ಒಡೆಯನ ಮೈಯ ಆಕೃತಿಯನ್ನೇ ತಾಳುತ್ತಿದ್ದಿತು. ನೋಟಕ್ಕೆ ಕಠಿನ, ದೂರ ಹೋದಂತೆ ಹಿತ.

ಆ ಚರ್ಮದ ಸೀಟನ್ನು ಪದಚ್ಯುತಗೊಳಿಸಿದುವು ಎರಡು: ಫೋಮು ಮತ್ತು ಹಿಂದಿನ ಗಾಲಿಯ ಸಸ್ಪೆನ್ಷನ್. 1929ರಲ್ಲಿ ಡನ್ಲಪ್ ಕಂಪನಿಯ ಪ್ರಯೋಗಶಾಲೆಯಲ್ಲಿ ರಬ್ಬರಿನ ಹಾಲನ್ನು ಕಡೆದು, ನೊರೆಯೆಬ್ಬಿಸಿ, ಗಟ್ಟಿಗೊಳಿಸುವ ಕ್ರಮವು ಸಿದ್ಧಿಸಿತು; 1937ರಲ್ಲಿ ಆಟೋ ಬಾಯರ್ ಎಂಬ ರಸಾಯನಶಾಸ್ತ್ರಜ್ಞನು ಪಾಲಿಯುರೆಥೇನನ್ನು ಕಂಡುಹಿಡಿದನು. ಎರಡನೆಯ ಮಹಾಯುದ್ಧದ ತರುವಾಯ ಹಿಂದಿನ ಗಾಲಿಗೂ ಸಸ್ಪೆನ್ಷನ್ ಬರಲು, ಆಸನದ ಸ್ಪ್ರಿಂಗಿಗೆ ಕೆಲಸವಿಲ್ಲದಾಯಿತು. ಚಪ್ಪಟೆಯಾದ ತಗಡು, ಅದರ ಮೇಲೆ ಫೋಮು, ಅದರ ಮೇಲೆ ರೆಕ್ಸಿನ್ನು: ಇಬ್ಬರು ಕೂರುವ ಉದ್ದನೆಯ ಸೀಟು ಹುಟ್ಟಿತು. 1955ರಿಂದ ಮದರಾಸಿನಲ್ಲಿ ಬುಲೆಟ್ಟೂ, 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ಗಾಡಿಯೂ ಸಿದ್ಧವಾಗಲಾರಂಭಿಸಿದ ಮೇಲೆ ನಮ್ಮ ಜನಕ್ಕೆ ಮೋಟಾರ್ ಸೈಕಲ್ ಪರಿಚಿತವಾದುದು ಈ ರೂಪದಲ್ಲಿಯೇ.

ಈ ಉದ್ದ ಸೀಟನ್ನು ನಮ್ಮ ದೇಶವು ಅಷ್ಟು ಆದರದಿಂದ ಸ್ವೀಕರಿಸಿದುದರಲ್ಲಿ ವಿಚಿತ್ರವೇನೂ ಇಲ್ಲ. ಪಶ್ಚಿಮದಲ್ಲಿ ಮೋಟಾರ್ ಸೈಕಲ್ಲು ಏಕಾಂಗಿ ಸವಾರನ ಸಾಹಸದ ಸಾಧನವಾಗಿದ್ದಿತಾದರೆ, ಇಲ್ಲಿ ಅದು ಸಂಸಾರದ ವಾಹನವಾಯಿತು. ಟ್ಯಾಂಕಿನ ಮೇಲೆ ಮಗು, ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತ ಮನೆಯಾಕೆ, ನಡುವೆ ಒಂದು ಚೀಲ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೂ ನವರಾತ್ರಿಯ ತುಳಜಾಪುರಕ್ಕೂ ಡಬಲ್ ಸೀಟು ಹೊರಟುಬಿಡುವ ಸೀಮೆ ಇದು. ಸರ್ಕಾರದ ಶಾಸನಕ್ಕೂ ಇದು ಗೊತ್ತು: ಹಿಂದಿನವರನ್ನು ಕೂರಿಸುವ ಮೋಟಾರ್ ಸೈಕಲ್ಲಿಗೆ ಹಿಡಿಕೆ, ಕಾಲಿಡುವ ಮೆಟ್ಟು, ಬಟ್ಟೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರತಕ್ಕದ್ದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ವಿಧಿಸುತ್ತದೆ. ಆದರೆ ಇಬ್ಬರಿಗಾಗಿ ಆದ ಆಸನದಲ್ಲಿ ಒಬ್ಬನ ಸುಖವು ಕಿಂಚಿತ್ತಾದರೂ ಕೊರೆಯಾಗುವುದು ಅನಿವಾರ್ಯ.

ಭಾಲ್ಕಿಯ ಸುತ್ತಿನ ಎರೆಭೂಮಿಯೂ ಈ ಕೊರೆಗೆ ತನ್ನ ಪಾಲನ್ನು ಕೂಡಿಸುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುವುದು, ಬೇಸಗೆಯಲ್ಲಿ ಕುಗ್ಗಿ ಬಿರಿಯುವುದು. ಅದರ ಮೇಲೆ ಹಾಸಿದ ಡಾಂಬರು ಕಾಲಕ್ರಮದಲ್ಲಿ ಅಲೆಯಲೆಯಾಗುವುದು. ಬೀದರಿನ ಕೆಂಪು ಜಂಬಿಟ್ಟಿಗೆಯ ದಿಣ್ಣೆ ಏರಿದ ಮೇಲೆ ಈ ಕುಲುಕಾಟ ತುಸು ತಗ್ಗುತ್ತದೆಯಾದರೂ ಅಷ್ಟರಲ್ಲಿ ಮೈ ಲೆಕ್ಕ ಒಪ್ಪಿಸಲಾರಂಭಿಸಿರುತ್ತದೆ. ಕುಳಿತ ಮನುಷ್ಯನ ಮೇಲುಮೈಯ ಭಾರದ ಬಹುಭಾಗವು ಸೊಂಟದೆಲುಬಿನ ತಳದ ಎರಡು ಗುಬುಟುಗಳ ಮೇಲೆ ಬೀಳುತ್ತದೆ; ಅವುಗಳ ಕೆಳಗೆ ಸಿಕ್ಕ ಮಾಂಸದಲ್ಲಿ ರಕ್ತಸಂಚಾರವು ಕುಂದಿ, ಮೊದಲು ಜೋಮು, ಅನಂತರ ಉರಿ, ಆಮೇಲೆ ನೋವು. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದೆಯೆಂದು ಮೆಚ್ಚಿ ಕೊಂಡ ಸೀಟೇ ಇಲ್ಲಿ ಮೊದಲು ಕೈಕೊಡುತ್ತದೆ. ಏಕೆಂದರೆ ಮೆದುವಾದ ಫೋಮು ಭಾರಕ್ಕೆ ಪೂರ್ತಿ ಕುಸಿದು, ಮೂಳೆಯನ್ನು ತಳದ ಪ್ಲಾಸ್ಟಿಕ್ಕಿಗೆ ಒಪ್ಪಿಸಿಬಿಡುತ್ತದೆ. ಮೃದುತ್ವವನ್ನು ಸುಖವೆಂದು ಭ್ರಮಿಸುವುದು ಈ ವ್ಯಾಪಾರದ ಅತ್ಯಂತ ಪ್ರಾಚೀನವೂ ಲಾಭದಾಯಕವೂ ಆದ ಭ್ರಾಂತಿ.

ಗಾದಿಯಂಗಡಿಗಳಲ್ಲಿ 32, 40 ಎಂದು ಹೇಳುವ ಡೆನ್ಸಿಟಿಯೆಂದರೆ ಒಂದು ಘನ ಮೀಟರು ಫೋಮಿನ ತೂಕ ಎಷ್ಟು ಕಿಲೋ ಎಂಬುದಷ್ಟೆ. ಅದು ತಿಳಿಸುವುದು ಬಾಳಿಕೆಯನ್ನು; ಗಡಸನ್ನಲ್ಲ. ಗಡಸನ್ನು ಅರಿಯಲು ಕುಳಿತೇ ನೋಡಬೇಕು, ಅದೂ ಒಂದು ನಿಮಿಷವಲ್ಲ. ಫೋಮಿಗಿಂತಲೂ ಆಕಾರವೇ ಪ್ರಧಾನವೆಂದು ನನ್ನ ಅಭಿಪ್ರಾಯ: ಮೂಳೆ ಊರುವೆಡೆ ಅಗಲವಾಗಿ, ತೊಡೆ ಹಾಯುವೆಡೆ ಕಿರಿದಾಗಿ, ಬ್ರೇಕು ಹಾಕಿದಾಗಲೆಲ್ಲ ಟ್ಯಾಂಕಿನತ್ತ ಜಾರಿಸದಂತೆ ಸಮತಟ್ಟಾಗಿ ಇದ್ದ ಸೀಟು, ಜೆಲ್ಲು ತುಂಬಿದ ದುಬಾರಿ ಸೀಟಿಗಿಂತ ಹಿತಕರ. ಜೆಲ್ಲು ಒತ್ತಡವನ್ನು ಹಂಚುವುದೇನೋ ನಿಜ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಅದು ಕಾವನ್ನು ಬಹಳ ಹೊತ್ತು ಹಿಡಿದಿಡುವುದೂ ಅಷ್ಟೇ ನಿಜ. ಸೀಟಿನ ಮೇಲೆ ಹಾಸುವ ಗಾಳಿಯ ದಿಂಬನ್ನು ಬಿಗಿಯಾಗಿ ಊದಿದರೆ ಅದರ ಗುಣವೇ ಹೋಗುತ್ತದೆ. ಮೂಳೆಯು ತಳಕ್ಕೆ ತಾಗದಷ್ಟೇ ಗಾಳಿ ಸಾಕು. ಕವರಿನ ಹೊಲಿಗೆಯು ನಡುಸೀಟಿನಲ್ಲಿ ಹಾದರೆ ಮಳೆಯ ನೀರು ಅಲ್ಲಿಂದಲೇ ಫೋಮಿಗೆ ಇಳಿಯುತ್ತದೆ.

ಚರಿತ್ರೆಗೂ ಒಂದು ವಿನೋದವುಂಟು. 2009ರಲ್ಲಿ ರಾಯಲ್ ಎನ್‌ಫೀಲ್ಡಿನವರು ಕ್ಲಾಸಿಕ್ ಎಂಬ ಗಾಡಿಯಲ್ಲಿ ಸ್ಪ್ರಿಂಗಿನ ಒಂಟಿ ಸೀಟನ್ನು ಮರಳಿ ತಂದರು. ಹಿಂದಿನ ಸೀಟು ಬೇಕಾದವರು ಕೂಡಿಸಿಕೊಳ್ಳಬೇಕಾಯಿತು. ಅನಂತರ ಕಂಪನಿಗಳೇ ಟೂರಿಂಗ್ ಸೀಟೆಂದು ಬೇರೆಯಾಗಿ ಮಾರತೊಡಗಿದುವು. ಆದರೂ ರೆಕ್ಸಿನ್ನು ಬಿಚ್ಚಿ, ಹಳೆಯ ಫೋಮನ್ನು ಬ್ಲೇಡಿನಿಂದ ಕೊಯ್ದು, ಹೊಸ ಪದರವನ್ನು ಸಲ್ಯೂಷನ್ನಿನಿಂದ ಅಂಟಿಸಿ, ಮೇಲೆ ಕವರು ಎಳೆದು ಪಿನ್ನು ಹೊಡೆಯುವ ಸೀಟಿನ ಕೆಲಸಗಾರನ ಬಳಿಗೆ ಹೋಗುವುದರಲ್ಲಿ ಒಂದು ಅನುಕೂಲವಿದೆ: ಸವಾರನನ್ನು ಕೂರಿಸಿ, ಗುರುತು ಹಾಕಿಕೊಂಡು ಅವನು ಕೊಯ್ಯಬಲ್ಲನು, ಅಚ್ಚಿನಲ್ಲಿ ಎರಕಗೊಂಡ ಸೀಟಿಗೆ ಆ ಸ್ವಾತಂತ್ರ್ಯವಿಲ್ಲ. ಅವನಲ್ಲಿ ಕೇಳಿಕೊಳ್ಳಬೇಕಾದುದು ಇಷ್ಟು: ಮುಂಭಾಗವನ್ನು ಮಾತ್ರ ತಿದ್ದಬೇಕು, ಹಿಂಭಾಗವನ್ನು ಕಿರಿದು ಮಾಡಕೂಡದು, ಮನೆಯಾಕೆಯೂ ಬಂದು ಕೂತು ನೋಡಿ, ಆಗಬಹುದೆಂದ ಮೇಲೆಯೇ ಕಡೆಯ ಪಿನ್ನುಗಳನ್ನು ಹೊಡೆಯಬೇಕು.