ಪಡಖಾನೆ ಇದ್ದ ಪೇಟೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಈ ಯಾವ ಪೇಟೆಗೆ ಹೋದರೂ ತಲೆ ನರೆತವರನ್ನು ಒಮ್ಮೆ ಕೇಳಿ: ‘ಪಡಖಾನೆ ಎಲ್ಲಿತ್ತು?’ ಹೆಂಡದಂಗಡಿ ಮುಚ್ಚಿ ವರ್ಷಗಳಾದರೂ ಅದರ ಜಾಗ ಹಿರಿಯರ ನೆನಪಿನಿಂದ ಅಳಿದಿಲ್ಲ.

ಪಡಖಾನೆಯ ಬೇರು ಇದ್ದದ್ದು ಕೆರೆ, ಹಳ್ಳದ ದಂಡೆಯ ಈಚಲು ವನದಲ್ಲಿ. ಕುಲಕಸುಬು ಬಲ್ಲ ಈಡಿಗರು ಸಂಜೆ ಮರ ಹತ್ತಿ, ಸುಳಿಯ ಕೆಳಗೆ ಕೆತ್ತಿ, ಮಡಕೆ ಕಟ್ಟಿ ಇಳಿಯುತ್ತಿದ್ದರು. ನಸುಕಿನಲ್ಲಿ ಇಳಿಸಿದರೆ ಸಿಹಿ ನೀರಾ. ಬಿಸಿಲೇರಿದಂತೆ ಹುಳಿಯೊಡೆದು, ನೊರೆಗಟ್ಟಿ, ಅದೇ ಹೆಂಡ.

ಅಂಗಡಿ ಒಂದೇ ಆದರೂ ಯಜಮಾನ ಒಬ್ಬನೇ ಆಗಿರುತ್ತಿರಲಿಲ್ಲ. ಅಬಕಾರಿ ಇಲಾಖೆಯ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಗುತ್ತಿಗೆ ಸಿಗುತ್ತಿತ್ತು. ಜುಲೈ 1ಕ್ಕೆ ಹೊಸ ಅಬಕಾರಿ ವರ್ಷ ಶುರು. ಕಂಟ್ರಾಕ್ಟರ್ ಬದಲಾದರೂ ಮರ ಹತ್ತುವ ಕೈ, ಕುಡಿಯಲು ಬರುವ ಕೂಲಿಯವ ಬದಲಾಗುತ್ತಿರಲಿಲ್ಲ.

ಕುಡಿತಕ್ಕೆ ವಿರೋಧವೂ ಹಳೆಯದೇ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ತನ್ನ ರಾಜ್ಯದಲ್ಲಿ ಮದ್ಯ ನಿಲ್ಲಿಸಲು ಹೊರಟಿದ್ದ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದರು. ಆ ಹೋರಾಟದ ಮುಂದಾಳು ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗಲೇ, 1967ರಲ್ಲಿ, ರಾಜ್ಯದ ಪಾನನಿಷೇಧ ತೆರವಾಯಿತು. ಇತ್ತ ಪಡಖಾನೆಯ ಮಾತಿಗೆ ಸಾಹಿತ್ಯದಲ್ಲಿ ಮಣೆ ಹಾಕಿದವರು ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ.

ಮುಂದೆ ಪ್ಯಾಕೆಟ್ ಸಾರಾಯಿ ಬಂತು. ದಿನದ ಕೂಲಿ ಅಲ್ಲೇ ಕರಗಿ ಒಲೆ ಉರಿಯದ ಮನೆಗಳ ಹೆಣ್ಣುಮಕ್ಕಳು ಬೀದಿಗಿಳಿದರು. 2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಷೇಧಿಸಿತು. ಹೊಸ ಗುತ್ತಿಗೆ ಶುರುವಾಗಬೇಕಿದ್ದ ದಿನವೇ ಅಂಗಡಿಗಳ ಬಾಗಿಲು ಮುಚ್ಚಿತು. ಈ ಭಾಗದಲ್ಲಿ ಈಚಲು ಹೆಂಡ ಇಳಿಸುವುದೂ ಆ ದಶಕದಲ್ಲೇ ನಿಂತಿತು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸುಪಾಸು ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಅದೇ ತಿಂಗಳು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣದಿಂದ ವಿಮಾನ ಹಾರಿತು. ಎಕರೆಯ ಲೆಕ್ಕದಲ್ಲಿದ್ದ ನೆಲ ಚದರಡಿಯ ಲೆಕ್ಕಕ್ಕೆ ಬಂತು.

ಪಡಖಾನೆ ಮತ್ತೆ ಬರಲಿ ಎಂಬ ಮಾತಲ್ಲ ಇದು. ಅದು ಕೆಡಿಸಿದ ಸಂಸಾರಗಳ ನೋವು ದೊಡ್ಡದು. ಆದರೆ ಮರ ಹತ್ತಿದವರ ಕಸುಬು, ಪಡಖಾನೆಯ ನುಡಿ, ಅದರ ವಿರುದ್ಧ ನಿಂತ ತಾಯಂದಿರ ದಿಟ್ಟತನ, ಮೂರೂ ಈ ನೆಲದ ಚರಿತ್ರೆಯೇ. ನಿಮ್ಮೂರಿನ ಹಿರಿಯರ ಬಳಿ ಕುಳಿತು ಕೇಳಿ, ಬರೆದಿಡಿ. ಅವರು ಇರುವಾಗಲೇ ಈ ಕೆಲಸ ಆಗಬೇಕು.