ಮೂರು ಸಾಲಿನ ಬಾಳು

ಅರಸರಿಗೆ ವಂಶಾವಳಿಯುಂಟು, ಜಮೀನುದಾರರಿಗೆ ಕ್ರಯಪತ್ರಗಳುಂಟು. ಪರರ ಹೊಲದಲ್ಲಿ ಉತ್ತು, ಬಿತ್ತಿ, ಕೊಯ್ದು, ಕೊನೆಗೊಂದು ದಿನ ಕಣ್ಮುಚ್ಚಿದ ಕೂಲಿಕಾರನಿಗೆ ಏನುಂಟು? ಇಂಗ್ಲೆಂಡಿನಲ್ಲಿ ಅವನಿಗೆ ಊರ ಇಗರ್ಜಿಯ ಪುಸ್ತಕದಲ್ಲಿ ಮೂರು ಸಾಲುಗಳುಂಟು. ದೀಕ್ಷಾಸ್ನಾನಕ್ಕೊಂದು, ಮದುವೆಗೊಂದು, ಮಣ್ಣುಗೂಡಿದ್ದಕ್ಕೊಂದು.

ಈ ಪುಸ್ತಕಗಳ ಕಥೆ 1538ರಲ್ಲಿ ಆರಂಭವಾಗುತ್ತದೆ. ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ಲನು, ಒಂದೊಂದು ಇಗರ್ಜಿಗೆ ಸೇರಿದ ವಲಯದಲ್ಲಿ, ಎಂದರೆ ಪ್ಯಾರಿಷ್‌ನಲ್ಲಿ, ನಡೆಯುವ ಈ ಮೂರನ್ನೂ ಪಾದ್ರಿಯು ವಾರವಾರವೂ ಬರೆದಿಡಬೇಕೆಂದು ಆಜ್ಞಾಪಿಸಿದನು. ಪುಸ್ತಕದ ಪೆಟ್ಟಿಗೆಗೆ ಎರಡು ಬೀಗ. ಒಂದು ಕೀಲಿ ಪಾದ್ರಿಯಲ್ಲಿ, ಇನ್ನೊಂದು ಇಗರ್ಜಿಯ ಪಾರುಪತ್ಯಗಾರರಲ್ಲಿ. ಇಂದು ಹಳೆಯ ಪುಸ್ತಕಗಳಲ್ಲಿ ಬಹುಪಾಲು ಆಯಾ ಕೌಂಟಿಯ ದಾಖಲೆಭಂಡಾರವನ್ನು ಸೇರಿವೆ.

ಪೂರ್ವಿಕರನ್ನು ಅರಸುವವನು ಇಂದಿನಿಂದ ಹಿಂದಕ್ಕೆ ನಡೆಯಬೇಕು. 1837ರ ಜುಲೈ 1ರವರೆಗೆ ಸರ್ಕಾರದ ಜನನ ಮರಣ ನೋಂದಣಿ ಕೈಹಿಡಿದು ನಡೆಸುತ್ತದೆ. 1851ರ ಜನಗಣತಿ ಹುಟ್ಟಿದ ಊರನ್ನು ತಿಳಿಸುತ್ತದೆ. ಅದಕ್ಕೂ ಹಿಂದೆ ಇಗರ್ಜಿಯ ಪುಸ್ತಕವೇ ಗತಿ. 1813ರಿಂದ ಅಚ್ಚಾದ ನಮೂನೆಯಲ್ಲಿ ತಂದೆಯ ಕಸಬೂ ದೊರೆಯುತ್ತದೆ. ಹಳ್ಳಿಗಳ ಪುಟಗಳಲ್ಲಿ ‘ಕೂಲಿಯವನು’ ಎಂಬ ಮಾತು ಸಾಲುಸಾಲಾಗಿ ಬರುತ್ತದೆ.

ಎಡವುವ ಸ್ಥಳವೂ ಇಲ್ಲಿಯೇ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರು. ಅಲ್ಲದೆ, ತೀರಿಹೋದ ಕೂಸಿನ ಹೆಸರನ್ನೇ ಮುಂದಿನ ಕೂಸಿಗಿಡುವ ರೂಢಿಯಿತ್ತು. ಸಮಾಧಿಯ ಪುಟವನ್ನು ತಿರುವಿ ನೋಡದವನು, ಮೂರು ತಿಂಗಳಿಗೇ ಮಣ್ಣಾದ ಮಗುವನ್ನು ತನ್ನ ಮುತ್ತಜ್ಜನೆಂದು ತಿಳಿದು ಪರರ ವಂಶವೃಕ್ಷವನ್ನೇರಿಬಿಡುತ್ತಾನೆ.

ಆದರೆ ಬಡವನ ಕಥೆ ಮೂರೇ ಸಾಲಿಗೆ ನಿಲ್ಲದ ಸಂದರ್ಭವೊಂದುಂಟು. 1601ರ ಶಾಸನದಂತೆ ನಿರ್ಗತಿಕರನ್ನು ಪೋಷಿಸುವ ಭಾರ ಪ್ಯಾರಿಷ್‌ನದು. ಪರವೂರಿನ ಬಡವನ ಭಾರವನ್ನು ಹೊರಲು ಯಾರಿಗೂ ಮನಸ್ಸಿರಲಿಲ್ಲ. 1662ರ ಶಾಸನವು ಅಂಥವನನ್ನು ಅವನ ಸ್ವಂತ ಪ್ಯಾರಿಷ್‌ಗೆ ಅಟ್ಟಲು ಅವಕಾಶವಿತ್ತಿತು. ಆಗ ನ್ಯಾಯಾಧಿಕಾರಿಗಳು ಅವನನ್ನು ಕರೆಸಿ ಕೇಳುತ್ತಿದ್ದರು: ಹುಟ್ಟಿದ್ದೆಲ್ಲಿ? ವರ್ಷಪೂರ್ತಿ ಆಳಾಗಿ ದುಡಿದದ್ದು ಯಾರಲ್ಲಿ? ಕೂಲಿಯೆಷ್ಟು? ಹೆಂಡತಿ ಯಾರು? ಮಕ್ಕಳೆಷ್ಟು? ಉತ್ತರಗಳನ್ನೆಲ್ಲ ಗುಮಾಸ್ತನು ಬರೆದುಕೊಳ್ಳುತ್ತಿದ್ದನು.

ಮನೆಯಲ್ಲಿ ಅನ್ನವಿದ್ದವನನ್ನು ಹೀಗೆ ಯಾರೂ ಕೇಳಲಿಲ್ಲ. ಅವನ ಬಾಳು ಮೂರು ಸಾಲಿನಲ್ಲಿಯೇ ಮುಗಿಯಿತು. ಕೆಲಸ ತಪ್ಪಿ, ಹೆಂಡತಿ ಮಕ್ಕಳೊಡನೆ ಊರು ಬಿಡಬೇಕಾದವನ ಬಾಳು ಮಾತ್ರ ಪುಟ ತುಂಬ ಉಳಿದುಬಂದಿದೆ. ಅವನನ್ನು ಹೊರಗಟ್ಟಲೆಂದು ಬರೆದ ಕಾಗದವೇ ಇಂದು ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಅವನನ್ನು ತಂದೊಪ್ಪಿಸುತ್ತದೆ. ಕೆಳಗೆ ಗುಮಾಸ್ತನ ಅಕ್ಷರದಲ್ಲಿ ಅವನ ಹೆಸರು. ಅದರ ಪಕ್ಕದಲ್ಲಿ, ಓದು ಬರಹವಿಲ್ಲದ ಆ ಕೈ ಎಳೆದ ಎರಡು ಅಡ್ಡಗೀಟು. ಅವನೇ ಬರೆದದ್ದು ಅಷ್ಟು ಮಾತ್ರ.