ಸುಮ್ಮನಿರುವುದಕ್ಕೂ ಕರೆಂಟು

ಗುಡಗೇರಿಯ ನಮ್ಮ ಕಾಕಾನದು ಒಂದೇ ತಕರಾರು. "ಮನ್ಯಾಗ ಇದ್ರ ಫೋನಿನ ಚಾರ್ಜು ಎರಡ ದಿನ ಬರ್ತೈತಿ, ಹೊಲಕ್ಕ ಒಯ್ದ್ರ ಸಂಜೀಕ ಸ್ವಿಚ್ ಆಫ್. ಅಲ್ಲಿ ನಾ ಯಾರ ಜೋಡೀನೂ ಮಾತಾಡೂದೂ ಇಲ್ಲ." ಬ್ಯಾಟರಿ ಕೆಟ್ಟಿದೆ ಎಂದು ಒಮ್ಮೆ ಹೊಸದನ್ನು ಹಾಕಿಸಿದ್ದೂ ಆಯಿತು. ಬ್ಯಾಟರಿಯದೇನೂ ತಪ್ಪಿರಲಿಲ್ಲ. ಹೊಲ ಟವರಿನಿಂದ ದೂರ, ಅಷ್ಟೇ.

ಟವರು ಹತ್ತಿರವಿದ್ದರೆ ಫೋನು ಪಿಸುಗುಟ್ಟಿದರೂ ನಡೆಯುತ್ತದೆ. ದೂರ ಹೋದಷ್ಟೂ ದನಿ ಏರಿಸಬೇಕು. "ಜೋರಾಗಿ", "ಇಷ್ಟು ಸಾಕು" ಎಂದು ಕ್ಷಣಕ್ಷಣಕ್ಕೂ ಹೇಳುವುದು ಟವರೇ. 4ಜಿ ಫೋನು ಪೂರಾ ಕೂಗಿದರೂ ಹೊರಡುವುದು ಸುಮಾರು 0.2 ವ್ಯಾಟ್, ಹತ್ತಿರದಲ್ಲಿ ಅದರ ಸಾವಿರದಲ್ಲೊಂದು ಪಾಲಿಗೂ ಇಳಿದೀತು. ಕಾಕಾ ಮಾತಾಡದಿದ್ದರೇನು, ಜೇಬಿನೊಳಗೆ ವಾಟ್ಸಾಪು ತನ್ನಷ್ಟಕ್ಕೆ ಮಾತಾಡುತ್ತಲೇ ಇರುತ್ತದೆ, ಅದೂ ಕೂಗಿ ಕೂಗಿ. ಸಿಗ್ನಲ್ ಪೂರಾ ತಪ್ಪಿದರಂತೂ ಟವರನ್ನು ಹುಡುಕುವುದರಲ್ಲೇ ಚಾರ್ಜು ಕರಗುತ್ತದೆ.

ಆದರೂ ಫೋನು ಮೂಲತಃ ಜಿಪುಣ ಯಂತ್ರ. ಕೆಲಸವಿಲ್ಲದಾಗ ಅದರ ರೇಡಿಯೊ ಮಲಗಿಬಿಡುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ, ಎರಡು ಸೆಕೆಂಡಿಗೊಮ್ಮೆ ಕಣ್ಣು ಬಿಟ್ಟು "ನನ್ನನ್ನು ಯಾರಾದರೂ ಕರೆದರೇನು?" ಎಂದು ಕಿವಿಗೊಟ್ಟು ಮತ್ತೆ ಮಲಗುತ್ತದೆ. ಅಂಗೈಯಗಲದ ಬ್ಯಾಟರಿ ಅದಕ್ಕೆ ನಿದ್ದೆ ಮಾಡುವುದನ್ನು ಕಲಿಸಿದೆ. ಟವರಿಗೆ ಆ ಪಾಠ ಬಹಳ ತಡವಾಗಿ ಬಂತು.

ರಾತ್ರಿ ಹನ್ನೊಂದರ ಮೇಲೆ ಗುಡಗೇರಿ ಸ್ಟೇಷನ್ನಿನಲ್ಲಿ ನಿಂತು ನೋಡಿ. ಓಣಿಗಳೆಲ್ಲ ಮಲಗಿರುತ್ತವೆ. ಸುತ್ತ ಜೋಳ, ಕಡಲೆಯ ಎರಿ ಹೊಲಗಳ ಕತ್ತಲು; ಟವರಿನ ತುದಿಯ ಕೆಂಪು ದೀಪ ಮಾತ್ರ ಎಚ್ಚರ. ಮಾತಾಡುವವರಿಲ್ಲ, ಹಾಗಾದರೆ ಖರ್ಚೂ ಇಲ್ಲ ಎಂದುಕೊಳ್ಳುತ್ತೇವೆ. ಯುರೋಪಿನಲ್ಲಿ 2010ರಿಂದ 2012ರವರೆಗೆ ನಡೆದ 'ಅರ್ಥ್' ಎಂಬ ಸಂಶೋಧನಾ ಯೋಜನೆ ಇದರ ಲೆಕ್ಕ ಹಾಕಿತ್ತು. ಆಗಿನ ದೊಡ್ಡ ಟವರಿನ ಒಂದು ಆಂಟೆನಾ ಗಾಳಿಗೆ 20 ವ್ಯಾಟ್ ಬಿಡಬೇಕಾದರೆ ಅದರ ಪಾಲಿನ ಯಂತ್ರಗಳು ಸುಮಾರು 224 ವ್ಯಾಟ್ ಎಳೆಯುತ್ತಿದ್ದವು. ಅದೇನೋ ಇರಲಿ. ಏನೂ ಕಳಿಸದೆ ಸುಮ್ಮನೆ ಕೂತಾಗಲೂ 130 ವ್ಯಾಟ್! ಮೂರು ದಿಕ್ಕಿಗೆ ಎರಡೆರಡು ಆಂಟೆನಾ ಎಂದರೆ ಸುಮಾರು 780 ವ್ಯಾಟ್, ಬರೀ ಎಚ್ಚರವಾಗಿರುವುದಕ್ಕೆ.

ಅಷ್ಟೆಲ್ಲ ಹೋಗುವುದೆಲ್ಲಿಗೆ? ಮೊದಲು ಯಂತ್ರಗಳನ್ನು ನೆಲದ ಮೇಲಿನ ಕೋಣೆಯಲ್ಲಿಟ್ಟು, ಏಸಿ ಹಾಕಿ, ಅಲ್ಲಿಂದ ತುದಿಯವರೆಗೆ ದಪ್ಪ ಕೇಬಲ್ ಎಳೆಯುತ್ತಿದ್ದರು. ಸಿಗ್ನಲ್ಲಿನ ಅರ್ಧದಷ್ಟು ಶಕ್ತಿ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಆಮೇಲೆ ರೇಡಿಯೊ ಪೆಟ್ಟಿಗೆಯನ್ನೇ ಮೇಲಕ್ಕೇರಿಸಿ ಆಂಟೆನಾದ ಪಕ್ಕ ಕಟ್ಟಿದರು, ಕೆಳಗಿನಿಂದ ಅಲ್ಲಿಗೆ ದಪ್ಪ ಕೇಬಲ್ಲಿನ ಬದಲು ಬೆಳಕಿನ ನಾರು (ಆಪ್ಟಿಕಲ್ ಫೈಬರ್) ಎಳೆದರು. ತಂಪಿಗೆ ಗಾಳಿ ಬಿಟ್ಟಿ. ಅದೇ ಲೆಕ್ಕದ ಪ್ರಕಾರ 224 ಇದ್ದದ್ದು 140ಕ್ಕಿಳಿಯಿತು, ಸುಮ್ಮನಿರುವ ಖರ್ಚು 84ಕ್ಕೆ. ಇಷ್ಟು ಸರಳ ಬದಲಾವಣೆಗೆ ಇಷ್ಟು ಫಲ ಸಿಕ್ಕ ಉದಾಹರಣೆ ಈ ಕ್ಷೇತ್ರದಲ್ಲಿ ಕಡಿಮೆ ಎನ್ನಬೇಕು.

ಇನ್ನೊಂದು ಸೋರಿಕೆ ಆಂಪ್ಲಿಫೈಯರ್‌ನದು. ಅದು ಪೂರಾ ಜೋರಿನಲ್ಲಿ ದುಡಿಯುವಾಗ ದಕ್ಷ, ಮೆಲ್ಲಗೆ ದುಡಿಯುವಾಗ ದುಂದುಗಾರ. 4ಜಿ ಸಿಗ್ನಲ್ಲೋ ಬಹುಪಾಲು ಮೆಲ್ಲಗೆ, ಆಗೊಮ್ಮೆ ಈಗೊಮ್ಮೆ ಜೋರು. ಇದಕ್ಕೆ ಮದ್ದು ಹಳೆಯ ರೇಡಿಯೊ ಕಾಲದ್ದು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಮನೆಗಳನ್ನು ತಲುಪಿದ್ದು ಮೀಡಿಯಂ ವೇವ್ ಪ್ರಸಾರದಿಂದ. ಅಂಥ ಭಾರೀ ಟ್ರಾನ್ಸ್‌ಮಿಟರುಗಳ ಕರೆಂಟು ಉಳಿಸಲು 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲಿಯಂ ಡೊಹರ್ಟಿ ಒಂದು ಜೋಡಣೆ ಮಾಡಿದ್ದ. ಬಂಡಿ ಸಪಾಟು ದಾರಿಯಲ್ಲಿದ್ದಾಗ ಒಂದೇ ಜೋಡಿ ಎತ್ತು. ಏರು ಬಂದಾಗ ಮುಂದೆ ಇನ್ನೊಂದು ಜೋಡಿ ಹೂಡುವುದು. ಅವನ ಜೋಡಣೆಯೂ ಹೀಗೆಯೇ: ಒಂದು ಆಂಪ್ಲಿಫೈಯರ್ ಸದಾ ದುಡಿಯುತ್ತದೆ, ಇನ್ನೊಂದು ಸಿಗ್ನಲ್ ಏರಿದಾಗ ಮಾತ್ರ ನೊಗಕ್ಕೆ ಬರುತ್ತದೆ. ಇಂದಿನ ಟವರುಗಳಲ್ಲಿ ಇರುವುದು ಬಹುತೇಕ ಇದೇ.

ಇನ್ನು ನಿದ್ದೆಯ ಮಾತು. 4ಜಿ ಟವರು ಯಾರಿಲ್ಲದಿದ್ದರೂ ಒಂದೊಂದು ಮಿಲಿಸೆಕೆಂಡಿನಲ್ಲೂ "ನಾನಿದ್ದೇನೆ, ನಾನಿದ್ದೇನೆ" ಎನ್ನುತ್ತಿರುತ್ತದೆ. ಆ ಮಿಲಿಸೆಕೆಂಡಿನಲ್ಲಿ 14 ತುಂಡುಗಳು. ಖಾಲಿ ತುಂಡು ಬಂದರೆ ಆಂಪ್ಲಿಫೈಯರ್ ಅಷ್ಟರಮಟ್ಟಿಗೆ ಕಣ್ಣು ಮುಚ್ಚುತ್ತದೆ. ಸೆಕೆಂಡಿನ ಹದಿನಾಲ್ಕು ಸಾವಿರದಲ್ಲೊಂದು ಪಾಲಿನ ಜೊಂಪು. 5ಜಿ ರೂಪಿಸಿದವರು ಈ ವಟಗುಟ್ಟುವಿಕೆಯನ್ನೇ ಕತ್ತರಿಸಿದರು. ಅದರ ಮುಖ್ಯ ಕೂಗು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ, ಬೇಕಾದರೆ 160ಕ್ಕೊಮ್ಮೆ. ನಡುವಿನ ಮೌನದಲ್ಲಿ ಹೆಚ್ಚು ಭಾಗಗಳನ್ನು ಹೆಚ್ಚು ಹೊತ್ತು ಮಲಗಿಸಬಹುದು. ಹುಬ್ಬಳ್ಳಿಯಂಥ ಊರಲ್ಲಾದರೆ ರಾತ್ರಿ ಹೆಚ್ಚುವರಿ ತರಂಗಪಟ್ಟಿಗಳನ್ನು ಪೂರಾ ಆರಿಸಿ ಒಂದನ್ನಷ್ಟೇ ಉಳಿಸಿಕೊಳ್ಳಲೂ ಬರುತ್ತದೆ.

ನನಗೆ ಅನ್ನಿಸುವುದು, ಹೀಗೆ ಪೂರಾ ಆರಿಸುವ ನಿದ್ದೆಯ ಲಾಭ ಹಳ್ಳಿಗಿಂತ ಪಟ್ಟಣಕ್ಕೇ ಜಾಸ್ತಿ. ಅಲ್ಲಿ ಒಂದು ಟವರು ಮಲಗಿದರೆ ಪಕ್ಕದ್ದು ನೋಡಿಕೊಳ್ಳುತ್ತದೆ. ಎರಿ ಹೊಲದ ನಡುವೆ ಒಂಟಿಯಾಗಿ ನಿಂತದ್ದು ಪೂರಾ ಮಲಗುವ ಹಾಗಿಲ್ಲ. ನಡುರಾತ್ರಿ ಯಾರಿಗೋ ಹೆರಿಗೆ ನೋವು ಬಂದರೆ 108ಕ್ಕೆ ಫೋನು ಹತ್ತಲೇಬೇಕು. ಹಾಗಾಗಿ ಹಳ್ಳಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕರೆಂಟು ಬರುವುದು ಎಲ್ಲಿಂದ? ಲೈನು ಹೋದಾಗ ಬ್ಯಾಟರಿ, ಅದೂ ಇಳಿದರೆ ಜನರೇಟರು. ಡೀಸೆಲ್ ಒಂದು ಲೀಟರು ಉರಿದರೆ ಸುಮಾರು 2.7 ಕಿಲೊ ಇಂಗಾಲದ ಡೈಆಕ್ಸೈಡ್. 2015ರೊಳಗೆ ಹಳ್ಳಿಯ ಟವರುಗಳಲ್ಲಿ ಅರ್ಧದಷ್ಟು, 2020ರೊಳಗೆ ಮುಕ್ಕಾಲು ಪಾಲು ಸೌರಶಕ್ತಿಯಂಥ ಮೂಲಗಳನ್ನೂ ಬಳಸಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆ 2012ರ ಜನವರಿಯಲ್ಲೇ ಸೂಚಿಸಿತ್ತು. ಎರಡೂ ಗಡುವು ದಾಟಿ ವರ್ಷಗಳಾದವು. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಉದ್ಘಾಟನೆಯಾದಾಗ ಆ ಟವರುಗಳು ಸೌರಶಕ್ತಿಯವು ಎಂದು ಸರ್ಕಾರ ಹೇಳಿತು. ಅವುಗಳ ರೇಡಿಯೊ ಯಂತ್ರ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಟವರಿನ ಯಂತ್ರಗಳು ನಡೆಯುವುದೇ 48 ವೋಲ್ಟಿನ ಡಿ.ಸಿ. ಕರೆಂಟಿನಲ್ಲಿ, ಸೌರಫಲಕ ಕೊಡುವುದೂ ಡಿ.ಸಿ.; ಎ.ಸಿ. ಕರೆಂಟು ಮಾಡಿ ಮತ್ತೆ ತಿರುಗಿಸುವ ನಷ್ಟವಿಲ್ಲ.

ಇಷ್ಟನ್ನೂ ಕಾಕಾನಿಗೆ ಹೇಳಿ, ಹೊಲದಲ್ಲಿ ಏರೋಪ್ಲೇನ್ ಮೋಡ್ ಹಾಕು ಎಂದೆ. "ಹಂಗಾರ ಫೋನ್ ಯಾಕ ಒಯ್ಯೂದು ತಮ್ಮಾ?" ಎಂದ. ಈಗ ಅದನ್ನು ಕ್ಯಾರಿಬ್ಯಾಗಿಗೆ ಹಾಕಿ ಬದುವಿನ ಬೇವಿನ ಗಿಡದ ಟೊಂಗೆಗೆ ತೂಗುಹಾಕುತ್ತಾನೆ. ಎತ್ತರಕ್ಕೆ ಹೋದದ್ದರಿಂದ ಒಂದು ಕಡ್ಡಿ ಸಿಗ್ನಲ್ ಹೆಚ್ಚಿಗೆ ಬರುತ್ತದೆ, ಸಂಜೆಗೆ ಒಂದಿಷ್ಟು ಚಾರ್ಜೂ ಉಳಿದಿರುತ್ತದೆ. ಫೋನು ಬಂದಾಗ ಕಾಕಾ ಗಿಡದ ಕಡೆ ಓಡಬೇಕು.